ಭದ್ರಾವತಿಗೆ ಬೇಕಾದದ್ದು

ಕಾರ್ಖಾನೆಯೊಂದು ಮುಚ್ಚಿದಾಗ ಊರಿನಲ್ಲಿ ಏಳುವ ಬೇಡಿಕೆ ಒಂದೇ: ಅಷ್ಟೇ ದೊಡ್ಡದಾದ ಮತ್ತೊಂದು ಬರಲಿ. ಭದ್ರಾವತಿಯಲ್ಲಿಯೂ ಇದೇ ಮಾತು ಕೇಳಿಬರುತ್ತಿದೆ. ಈ ನಿರೀಕ್ಷೆ ಸಹಜ. ಆದರೆ ಅದನ್ನೇ ನೆಚ್ಚಿ ಕುಳಿತರೆ ಉಳಿದಿರುವ ಬಂಡವಾಳವೂ ಕರಗಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು, ಭದ್ರೆಯ ನೀರು: ಈ ಮೂರನ್ನು ನಂಬಿ ಇಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದ ಆ ಯೋಜನೆಯಲ್ಲಿ ಸೌದೆಯಿಂದ ಇದ್ದಿಲು ಮಾಡುವಾಗ ಹೊರಡುವ ಆವಿಯನ್ನೂ ಬಟ್ಟಿಯಿಳಿಸಿ ರಾಸಾಯನಿಕಗಳನ್ನು ಪಡೆಯುತ್ತಿದ್ದರು. ಮುಂದೆ ಕುಲುಮೆಯ ಕಿಟ್ಟವನ್ನು ಬಳಸಿ ಸಿಮೆಂಟು ತಯಾರಿಸಿದರು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಇದ್ದುದರಿಂದಲೇ ಹೊಸದನ್ನು ಹುಟ್ಟಿಸುವುದು ಈ ಊರಿನ ಸಂಪ್ರದಾಯವಾಗಿತ್ತು.

ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ಬಳಿಕ ಅದೇ ಆಗಸ್ಟಿನಲ್ಲಿ ಅಲ್ಪ ಪ್ರಮಾಣದಲ್ಲಿ ಕೆಲಸ ಪುನರಾರಂಭವಾಯಿತು. ಇಂತಹ ಅನಿಶ್ಚಯದಲ್ಲಿ ಮೊದಲು ನಶಿಸುವುದು ಯಂತ್ರವಲ್ಲ, ಕೈಕಸುಬು. 2015ರಲ್ಲಿ 45ರ ಪ್ರಾಯದಲ್ಲಿದ್ದ ಕುಶಲಕರ್ಮಿ ಇಂದು ನಿವೃತ್ತಿಯ ಅಂಚಿನಲ್ಲಿದ್ದಾನೆ. ಅವನ ವಿದ್ಯೆ ಮುಂದಿನವರಿಗೆ ದಾಟದಿದ್ದರೆ ಯಾವ ಸಬ್ಸಿಡಿಯೂ ಅದನ್ನು ಮರಳಿ ತರಲಾರದು.

ಕೋಲಾರದ ಚಿನ್ನದ ಗಣಿಗಳನ್ನು ನೋಡಿ. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಪುನಶ್ಚೇತನದ ಮಾತು ಪದೇ ಪದೇ ಬಂದಿತು. ಅಷ್ಟರಲ್ಲಿ ಒಂದು ಪೀಳಿಗೆ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದನ್ನೇ ರೂಢಿ ಮಾಡಿಕೊಂಡಿತು.

ಭದ್ರಾವತಿಗೆ ಇನ್ನೂ ಸ್ವಲ್ಪ ಕಾಲಾವಕಾಶವಿದೆ. ಶಿವಮೊಗ್ಗದ ದಾರಿಯ ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳು ನಡೆಯುತ್ತಿವೆ. ರೈಲು, ನೀರು, ನೆಲಗಳಿವೆ. ಸರ್ಕಾರವು ಖಾಲಿ ಬಿದ್ದ ಶೆಡ್ಡುಗಳನ್ನು ಸಣ್ಣ ಘಟಕಗಳಿಗೆ ಬಾಡಿಗೆಗೆ ಕೊಡಲಿ; ಅನುಭವಿ ಕಾರ್ಮಿಕರನ್ನು ಗೌರವಧನ ಕೊಟ್ಟು ಐಟಿಐಗಳಿಗೆ ಬೋಧಕರಾಗಿ ಕರೆತರಲಿ.

ಸಣ್ಣ ಘಟಕಗಳಲ್ಲಿ ಕ್ವಾರ್ಟರ್ಸ್ ಇರುವುದಿಲ್ಲ, ಆಸ್ಪತ್ರೆ ಇರುವುದಿಲ್ಲ, ಸಂಬಳವೂ ಕಡಿಮೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಭವಿಷ್ಯನಿಧಿ, ಇಎಸ್‌ಐಗಳನ್ನು ತಪ್ಪದೆ ಕಟ್ಟುವವರಿಗೆ ಮಾತ್ರ ರಿಯಾಯಿತಿ ಸಿಗಬೇಕು. ಆದರೆ ಹತ್ತು ಘಟಕಗಳಲ್ಲಿ ಒಂದು ಮುಚ್ಚಿದರೆ ಊರು ಮುಳುಗುವುದಿಲ್ಲ. ಊರಿಗೆ ಒಂದೇ ಕಾರ್ಖಾನೆಯಿದ್ದು ಅದು ಮುಚ್ಚಿದರೆ ಏನಾಗುತ್ತದೆಂಬುದನ್ನು ನಾವು ಕಂಡಿದ್ದೇವೆ.

ನನ್ನ ವಿದ್ಯಾರ್ಥಿಗಳಲ್ಲಿ ಸ್ವಂತ ಉದ್ಯಮ ನಡೆಸುವವರಿದ್ದೀರಿ. ಹೊಸ ಘಟಕಕ್ಕೆ ಜಾಗ ಹುಡುಕುವಾಗ ಇಂತಹ ಊರುಗಳನ್ನು ಒಮ್ಮೆ ನೋಡಿ ಬನ್ನಿ. ದಯೆಯಿಂದಲ್ಲ, ಲೆಕ್ಕ ಹಾಕಿಯೇ ನೋಡಿ. ಕೆಲಸ ಬಲ್ಲ ಕೈಗಳು ಅಲ್ಲಿ ಇನ್ನೂ ಇವೆ.