ಹೆಸರು ಕೇಳಿ ಬಾಗಿಲು ಹಾಕುವ ಸರ್ಕಾರಿ ತಾಣಗಳು

ಗೆ,
ಕಾರ್ಯದರ್ಶಿಗಳು,
ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ,
ನವದೆಹಲಿ

ಮಾನ್ಯರೇ,

2023ರ ಆಗಸ್ಟ್‌ನಲ್ಲಿ ತಮ್ಮ ಸಚಿವಾಲಯ ಭಾರತದ್ದೇ ಆದ ವೆಬ್ ಬ್ರೌಸರ್ ರೂಪಿಸುವ ಸ್ಪರ್ಧೆ ಘೋಷಿಸಿತು. ಬಹುಮಾನದ ಮೊತ್ತ 3.41 ಕೋಟಿ ರೂಪಾಯಿ. ಕೈಜೋಡಿಸಿದ್ದು ನಮ್ಮ ಬೆಂಗಳೂರಿನ ಸಿ-ಡ್ಯಾಕ್ ಸಂಶೋಧನಾ ಕೇಂದ್ರ. 2025ರ ಮಾರ್ಚ್‌ನಲ್ಲಿ ಜೋಹೊ ಕಂಪನಿಗೆ ಒಂದು ಕೋಟಿಯ ಮೊದಲ ಬಹುಮಾನ ಸಂದಿತು. ಒಳ್ಳೆಯ ಕೆಲಸವೇ. ಆದರೆ ನಾಳೆ ನಮ್ಮ ಹುಡುಗರು ಪುಟ ಮೂಡಿಸುವ ಎಂಜಿನ್‌ನಿಂದ ಹಿಡಿದು ಎಲ್ಲವನ್ನೂ ಸ್ವಂತವಾಗಿ ಬರೆದು ಹೊಸ ಬ್ರೌಸರೊಂದನ್ನು ಕಟ್ಟಿದರೆ, ಅದರಲ್ಲಿ ಸರ್ಕಾರಿ ತಾಣಗಳೇ ತೆರೆದುಕೊಳ್ಳುತ್ತವೆ ಎಂಬ ಭರವಸೆ ನನಗಿಲ್ಲ.

ಕಾರಣ ಹೇಳುತ್ತೇನೆ. ಮೊನ್ನೆ ಇಲಾಖೆಯೊಂದರ ಪೋರ್ಟಲ್‌ನಲ್ಲಿ ಅರ್ಜಿ ತುಂಬಲು ಕೂತೆ. ನಾನು ಬಳಸುವುದು ಫೈರ್‌ಫಾಕ್ಸ್. ಅದರ ಮೆನುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ, ನನಗೆ ಅಷ್ಟು ಸಾಕು. ಪುಟ ಕಾಣುವ ಮೊದಲೇ ಅಪ್ಪಣೆ ಬಂತು: ಕ್ರೋಮ್ ಬಳಸಿ. ಬ್ರೌಸರ್ ಪ್ರತಿ ಪುಟ ಕೇಳುವಾಗಲೂ ತಾನು ಯಾರೆಂದು ಸರ್ವರ್‌ಗೆ ಒಂದು ಸಾಲಿನಲ್ಲಿ ಹೇಳಿಕೊಳ್ಳುತ್ತದೆ. ಆ ಸಾಲಿನಲ್ಲಿ ಕ್ರೋಮ್ ಎಂದು ಬರುವಂತೆ ಬದಲಾಯಿಸಿದೆ. ಅರ್ಜಿ ತೆರೆಯಿತು, ಫೋಟೊ ಅಪ್‌ಲೋಡ್ ಆಯಿತು, ಶುಲ್ಕವೂ ಪಾವತಿಯಾಯಿತು. ತಾಂತ್ರಿಕ ತೊಡಕು ಇರಲೇ ಇಲ್ಲ. ಹೆಸರು ಕೇಳಿ ಹೊರಗಟ್ಟುವ ಒಂದು ತುಣುಕು ಕೋಡ್ ಇತ್ತು, ಅಷ್ಟೆ.

ಹೀಗೆ ಹೆಸರು ಮರೆಸಿಕೊಂಡು ಒಳನುಗ್ಗುವುದು ಹೊಸತಲ್ಲ. 1990ರ ದಶಕದಲ್ಲಿ ತಾಣಗಳು ನೆಟ್‌ಸ್ಕೇಪ್‌ಗೆ ಮಾತ್ರ ಒಳ್ಳೆಯ ಪುಟ ಬಡಿಸುತ್ತಿದ್ದವೆಂದು ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ನೆಟ್‌ಸ್ಕೇಪ್‌ನಂತೆಯೇ ತನ್ನನ್ನು ‘ಮೊಜಿಲ್ಲಾ’ ಎಂದು ಕರೆದುಕೊಂಡಿತು. ಇವತ್ತಿನ ಕ್ರೋಮ್ ಕೂಡ ತನ್ನ ಗುರುತು ಹೇಳುವಾಗ ಮೊದಲು ಮೊಜಿಲ್ಲಾ ಅನ್ನುತ್ತದೆ, ಕೊನೆಗೆ ಸಫಾರಿಯ ಹೆಸರನ್ನೂ ಸೇರಿಸುತ್ತದೆ. ವಿವಾಲ್ಡಿ ಎಂಬ ಬ್ರೌಸರ್ 2019ರಲ್ಲಿ ತಾಣಗಳ ಕಾಟ ತಡೆಯಲಾರದೆ ತನ್ನ ಹೆಸರನ್ನೇ ಬಿಟ್ಟು ಕ್ರೋಮ್ ಎಂದು ಹೇಳಿಕೊಳ್ಳತೊಡಗಿತು. ಇಷ್ಟೆಲ್ಲ ವೇಷಗಳ ನಡುವೆ ಹೆಸರು ನಂಬಿ ಜನರನ್ನು ವಾಪಸ್ ಕಳಿಸುವುದರಲ್ಲಿ ಏನರ್ಥ? ಐಫೋನಿನ ಮಾತು ಇನ್ನೂ ತಮಾಷೆ. ನಮ್ಮ ದೇಶದಲ್ಲಿ ಅದರೊಳಗೆ ಕ್ರೋಮ್ ಹಾಕಿಕೊಂಡರೂ ಪುಟ ತೋರಿಸುವುದು ಆಪಲ್‌ನ ವೆಬ್‌ಕಿಟ್ ಎಂಜಿನ್ನೇ!

ಬಹುಪಾಲು ಜನ ಕ್ರೋಮ್ ಬಳಸುತ್ತಾರಲ್ಲ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ನಿಜ. ಒಂದು ಕಾಲಕ್ಕೆ ಬಹುತೇಕ ಎಲ್ಲರೂ ಎಕ್ಸ್‌ಪ್ಲೋರರ್ ಬಳಸುತ್ತಿದ್ದರು. ದಕ್ಷಿಣ ಕೊರಿಯಾ ಅದನ್ನು ನಂಬಿ ಕೆಟ್ಟಿತು. ಅಮೆರಿಕ ಬಲವಾದ ಗೂಢಲಿಪಿಯ ರಫ್ತಿಗೆ ತಡೆ ಹಾಕಿದ್ದ ದಿನಗಳಲ್ಲಿ, 1998ರಲ್ಲಿ, ಕೊರಿಯಾ ‘ಸೀಡ್’ ಎಂಬ ತನ್ನದೇ ವಿಧಾನ ರೂಪಿಸಿಕೊಂಡಿತು. ಅದನ್ನು ಬ್ರೌಸರಿಗೆ ಸೇರಿಸಲು ಬ್ಯಾಂಕುಗಳು ಹಿಡಿದದ್ದು ಆಕ್ಟಿವ್‌ಎಕ್ಸ್ ಎಂಬ ತಂತ್ರಜ್ಞಾನ, ಅದು ಓಡುತ್ತಿದ್ದುದು ಎಕ್ಸ್‌ಪ್ಲೋರರ್‌ನಲ್ಲಿ. ಬ್ಯಾಂಕು, ಖರೀದಿ, ಸರ್ಕಾರಿ ಕೆಲಸ ಎಲ್ಲವೂ ಅದಕ್ಕೇ ಕಟ್ಟುಬಿದ್ದವು. ಇದಕ್ಕೆಲ್ಲ ಆಧಾರವಾಗಿದ್ದ ಅಧಿಕೃತ ಡಿಜಿಟಲ್ ಪ್ರಮಾಣಪತ್ರದ ವ್ಯವಸ್ಥೆ ರದ್ದಾಗುವ ಹೊತ್ತಿಗೆ 2020ರ ಡಿಸೆಂಬರ್ ಬಂದಿತ್ತು. ನಮ್ಮಲ್ಲೂ ಎಕ್ಸ್‌ಪ್ಲೋರರ್ ಇದ್ದರೆ ಮಾತ್ರ ಬನ್ನಿ ಎನ್ನುವ ಫಲಕ ಹಾಕಿದ ಸರ್ಕಾರಿ ತಾಣಗಳಿದ್ದವು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಅದಕ್ಕೆ ವಿದಾಯ ಹೇಳಿತು. ಆ ಫಲಕ ಕಿತ್ತ ಜಾಗದಲ್ಲಿ ಈಗ ಕ್ರೋಮ್‌ನ ಫಲಕ.

ಖಾಸಗಿ ಅಂಗಡಿ ಬೇಡ ಅಂದರೆ ಪಕ್ಕದ ಅಂಗಡಿಗೆ ಹೋಗಬಹುದು. ಜಾತಿ ಪ್ರಮಾಣಪತ್ರಕ್ಕೆ ಪಕ್ಕದ ಸರ್ಕಾರ ಎಲ್ಲಿದೆ? ನನಗೇನೋ ಹೆಸರು ಬದಲಿಸುವ ಉಪಾಯ ಗೊತ್ತಿತ್ತು. ಗೊತ್ತಿಲ್ಲದವರು ಸೈಬರ್ ಸೆಂಟರಿನಲ್ಲಿ ದುಡ್ಡು ತೆತ್ತು, ಆಧಾರ್ ಸಂಖ್ಯೆಯನ್ನೂ ಒಟಿಪಿಯನ್ನೂ ಅಪರಿಚಿತರ ಕೈಗೆ ಕೊಟ್ಟು ಬರುತ್ತಾರೆ. ದೃಷ್ಟಿ ಇಲ್ಲದವರಿಗೆ ತಮ್ಮ ಪರದೆ ಓದುವ ತಂತ್ರಾಂಶಕ್ಕೆ ಹೊಂದಿದ ಬ್ರೌಸರ್ ಬಿಟ್ಟು ಬೇರೆಯದನ್ನು ಹಿಡಿಯುವುದು ಸುಲಭದ ಮಾತಲ್ಲ. ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಹೊಸ ಕಾನೂನು ಬೇಕಿಲ್ಲ. 2009ರಲ್ಲಿ ಬಂದ, 2023ರಲ್ಲಿ ಮೂರನೆಯ ಆವೃತ್ತಿ ಕಂಡ ಸರ್ಕಾರಿ ವೆಬ್‌ಸೈಟ್ ಮಾರ್ಗಸೂಚಿ ಇದೆ. ಹಲವು ಬ್ರೌಸರ್‌ಗಳಲ್ಲಿ ಪರೀಕ್ಷಿಸಬೇಕೆಂದು ಅದು ಮೊದಲಿನಿಂದಲೂ ಹೇಳುತ್ತಿದೆ. ತಾಣಗಳಿಗೆ ಗುಣಮಟ್ಟದ ಪ್ರಮಾಣಪತ್ರ ಕೊಡುವ ಎಸ್‌ಟಿಕ್ಯುಸಿ ತಮ್ಮ ಸಚಿವಾಲಯದ್ದೇ ಅಂಗ. ಬ್ರೌಸರ್‌ನ ಹೆಸರು ನೋಡಿ ಬಾಗಿಲು ಹಾಕುವ ತಾಣಕ್ಕೆ ಆ ಪ್ರಮಾಣಪತ್ರ ಕೊಡಬೇಡಿ, ಕೊಟ್ಟಿದ್ದರೆ ಹಿಂಪಡೆಯಿರಿ. ಎಚ್ಚರಿಕೆ ಹೇಳಲೇಬೇಕೆಂದಿದ್ದರೆ ಪುಟದ ಮೇಲೊಂದು ಸಾಲು ಬರೆಯಿಸಿ, ಆದರೆ ಅರ್ಜಿ ತುಂಬಲು ಬಿಡಿ.

ಇಂತಿ,
ಫೈರ್‌ಫಾಕ್ಸ್ ಬಳಸುವ ಒಬ್ಬ ತೆರಿಗೆದಾರ