ಶೇಕ್ ಡಬ್ಬಿ ತಗೊಳ್ಳೋ ಮುಂಚೆ ಒಂದು ಲೆಕ್ಕ

ಊಟದ ಬದಲು ಶೇಕ್ ಕುಡಿದ್ರೆ ತೂಕ ಇಳಿಯುತ್ತಾ? ಇಳಿಯಬಹುದು. ಒಟ್ಟು ಕ್ಯಾಲೊರಿ ಕಡಿಮೆ ಆದ್ರೆ ಮಾತ್ರ, ಪುಡಿಯಲ್ಲಿ ಮ್ಯಾಜಿಕ್ ಏನಿಲ್ಲ.

ದುಡ್ಡು ಕೊಡೋ ಮುಂಚೆ ನಮ್ಮ ಬಿಕಾಂ ಬುದ್ಧಿ ಸ್ವಲ್ಪ ಓಡಿಸಿ. 500 ಗ್ರಾಂ ಡಬ್ಬಿ, ಒಂದು ಸಲಕ್ಕೆ 25 ಗ್ರಾಂ ಅಂದ್ರೆ 20 ಗ್ಲಾಸ್. ದಿನಕ್ಕೆರಡು ಕುಡಿದ್ರೆ ಹತ್ತೇ ದಿನ. ತಿಂಗಳಿಗೆ ಮೂರು ಡಬ್ಬಿ!

ಲೇಬಲ್ ಓದಿ. ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು? 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ರೆ ಲೈಸೆನ್ಸ್ ಇದೆ ಅಂತ ಅಷ್ಟೇ, ತೂಕ ಇಳಿಯುತ್ತೆ ಅನ್ನೋ ಗ್ಯಾರಂಟಿ ಅಲ್ಲ.

ಮಾರೋ 'ಕೋಚ್'ಗೆ ಒಂದು ಪ್ರಶ್ನೆ ಕೇಳಿ: "ಶೇಕ್ ಬಿಟ್ಟ ಮೇಲೆ ಏನು ತಿನ್ನಬೇಕು?" "ಬಿಡೋದ್ಯಾಕೆ?" ಅಂದ್ರೆ ಎದ್ದು ಬನ್ನಿ. ನಾವು ಜೀವನಪೂರ್ತಿ ತಿನ್ನೋದು ಅನ್ನ, ಮುದ್ದೆ, ಚಪಾತಿನೇ ತಾನೆ? ಅದನ್ನ ಎಷ್ಟು ತಿನ್ನಬೇಕು ಅಂತ ಕಲಿಸದ ಪ್ರೋಗ್ರಾಂಗೆ ಪಾಕೆಟ್ ಮನಿ ಸುರಿಬೇಡಿ.