ಅಡುಗೆಮನೆಯಲ್ಲಿ ಜರ್ಮನ್ ಪಾಠ

ಜರ್ಮನ್ ಉದ್ದಿಮೆಯೊಡನೆ ನಮ್ಮ ನಂಟು ಹೊಸದಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಮೈಕೋ (2008ರಿಂದ ಬಾಷ್ ಲಿಮಿಟೆಡ್) ಸಂಸ್ಥೆಗೆ ಬಿಡಿಭಾಗಗಳನ್ನು ಒದಗಿಸುತ್ತಲೇ ಬೆಳೆದ ಸಣ್ಣ ಕಾರ್ಖಾನೆಗಳು ಹಲವು. ತಮ್ಮ ಮಕ್ಕಳು ಜರ್ಮನ್ ಕಲಿಯಲೆಂಬ ಉದ್ಯಮಿ ಬಾಂಧವರ ಅಪೇಕ್ಷೆ ಸಹಜವಾದುದೇ. ಆದರೆ ಎಂಟು-ಹತ್ತು ವರ್ಷದ ಮಗುವಿಗಾಗಿ ಸಾವಿರಾರು ರೂಪಾಯಿ ಶುಲ್ಕ ತೆತ್ತು ಪದಪಟ್ಟಿಯನ್ನು ಉರುಹೊಡೆಸುವುದು ಲಾಭದಾಯಕ ಹೂಡಿಕೆಯೆಂದು ಲೆಕ್ಕಪರಿಶೋಧಕನಾದ ನನಗೆ ತೋರುವುದಿಲ್ಲ. ಆರಂಭದ ಶಬ್ದಸಂಪತ್ತನ್ನು ಮನೆಯಲ್ಲಿಯೇ, ಸರಳ ವಿಜ್ಞಾನ ಪ್ರಯೋಗಗಳ ಮೂಲಕ ಒದಗಿಸಬಹುದು.

ಲೋಟದ ನೀರಿಗೆ ಬಿಟ್ಟ ಮೊಟ್ಟೆ ಮುಳುಗುತ್ತದೆ: ‘ದಾಸ್ ಆಯ್ ಜಿಂಕ್ಟ್’. ಚಮಚ ಚಮಚವಾಗಿ ಉಪ್ಪು ಕರಗಿಸುತ್ತ ಹೋದಂತೆ ನೀರಿನ ಸಾಂದ್ರತೆ ಹೆಚ್ಚಿ ಅದು ತೇಲುತ್ತದೆ: ‘ದಾಸ್ ಆಯ್ ಶ್ವಿಮ್ಟ್’. ನೀರು ‘ವಾಸರ್’, ಉಪ್ಪು ‘ಜಾಲ್ಟ್ಸ್’. (ಮೊಟ್ಟೆ ತಾರದ ಮನೆಗಳಲ್ಲಿ ಆಲೂಗಡ್ಡೆಯ ತುಂಡು ಸಾಕು; ಅದು ‘ದೀ ಕಾರ್ಟೊಫೆಲ್’.)

ಕನ್ನಡದಲ್ಲಿ ನಿರ್ಜೀವ ವಸ್ತುಗಳೆಲ್ಲ ನಪುಂಸಕಲಿಂಗ. ಜರ್ಮನ್ನಿನಲ್ಲಿ ಚಮಚ ಪುಲ್ಲಿಂಗ, ‘ದೇರ್ ಲೋಫೆಲ್’. ಮುಳ್ಳುಚಮಚ ಸ್ತ್ರೀಲಿಂಗ, ‘ದೀ ಗಾಬೆಲ್’. ಚಾಕು ನಪುಂಸಕ, ‘ದಾಸ್ ಮೆಸರ್’! ಇದರಲ್ಲಿ ತರ್ಕ ಹುಡುಕಿ ಫಲವಿಲ್ಲ. ವಸ್ತುವನ್ನು ಕೈಯಲ್ಲಿ ಹಿಡಿದು, ದೇರ್, ದೀ, ದಾಸ್ ಸಮೇತ ಉಚ್ಚರಿಸಿದ ಪದವೇ ನಾಲಿಗೆಯಲ್ಲಿ ನಿಲ್ಲುತ್ತದೆ.

ಉರಿಯುವ ಮೇಣದಬತ್ತಿಯ ಮೇಲೆ ಹಿರಿಯರ ಸಮಕ್ಷಮದಲ್ಲಿ ಗಾಜಿನ ಲೋಟವನ್ನು ಬೋರಲು ಹಾಕಿದರೆ, ಆಮ್ಲಜನಕ ಕ್ಷೀಣಿಸಿ ಜ್ವಾಲೆ ಆರುತ್ತದೆ. ಜರ್ಮನರು ಈ ಅನಿಲವನ್ನು ‘ಜಾವರ್‌ಷ್ಟೋಫ್’, ಅಂದರೆ ಹುಳಿಯ ದ್ರವ್ಯ ಎನ್ನುತ್ತಾರೆ. ನಮ್ಮ ಆಮ್ಲಜನಕದ ಅರ್ಥವೂ ಅದೇ ಅಲ್ಲವೇ? ಜಲಜನಕ ಅವರಿಗೆ ‘ವಾಸರ್‌ಷ್ಟೋಫ್’. ಆಮ್ಲಗಳಿಗೆಲ್ಲ ಆಮ್ಲಜನಕವೇ ಮೂಲವೆಂಬ, 18ನೆಯ ಶತಮಾನದ ಲವಾಸಿಯೆಯ ತಪ್ಪು ಗ್ರಹಿಕೆ ಎರಡೂ ಭಾಷೆಗಳಲ್ಲಿ ಉಳಿದುಬಂದಿದೆ. ಇಲ್ಲಿ ಕನ್ನಡ ಮಾಧ್ಯಮದ ಮಗುವಿಗೇ ಹೆಚ್ಚಿನ ಅನುಕೂಲ. ಇದನ್ನು ನಮ್ಮ ಪೋಷಕರು ಗಮನಿಸಿದಂತಿಲ್ಲ.

ಸ್ವತಃ ಜರ್ಮನಿಯಲ್ಲಿ, 2006ರಲ್ಲಿ ಆರಂಭಗೊಂಡು 2023ರಲ್ಲಿ ‘ಕಿಂಡರ್ ಫೋರ್ಷನ್’ ಎಂದು ಮರುನಾಮಕರಣಗೊಂಡ ಪ್ರತಿಷ್ಠಾನವು ಶಿಶುವಿಹಾರಗಳಲ್ಲಿ ಇಂತಹ ಪ್ರಯೋಗಗಳನ್ನು ಮಾಡಿಸಲು ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ.

ಇಷ್ಟರಿಂದಲೇ ಭಾಷೆ ಕೈವಶವಾದೀತೆಂದು ನನ್ನ ವಾದವಲ್ಲ. ಗೊಥೆ ಸಂಸ್ಥೆಯ ಎ1 ಪರೀಕ್ಷೆಯಲ್ಲಿ ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ನಾಲ್ಕೂ ಇವೆ. ವಾಕ್ಯರಚನೆ, ವಿಭಕ್ತಿಗಳಿಗೆ ನುರಿತ ಶಿಕ್ಷಕರೇ ಬೇಕು. ಉಚ್ಚಾರಣೆಯನ್ನು ಮೇಲಿನ ಕನ್ನಡ ಅಕ್ಷರಗಳಿಂದ ಅಂದಾಜಿಸದೆ ಧ್ವನಿಸಹಿತ ನಿಘಂಟಿನಿಂದ ಕೇಳಿಸಬೇಕು. ಶುಲ್ಕದ ಹಣವನ್ನು ಆ ಹಂತಕ್ಕೆ ಕಾದಿರಿಸುವುದು ಲೇಸು.